ಇಸಕೊಂಡ ಕೈ

ಕಾಡಪ್ಪನವರ ಬಲಗೈ ಒಂದು ವರ್ಷದಲ್ಲಿ ಸುಧಾರಿಸಬಹುದು ಎಂದು ಡಾಕ್ಟರುಗಳ ಬೋರ್ಡು ಬರೆದಿತ್ತು. ಹಾಗಾಗಿ ಅಂಗವೈಕಲ್ಯದ ಪಿಂಚಣಿಯನ್ನೂ ಒಂದು ವರ್ಷಕ್ಕೆ ಮಾತ್ರ ಮಂಜೂರು ಮಾಡಿತ್ತು. ಆಮೇಲೆ ಮತ್ತೆ ಹೋಗಿ ಕೈ ತೋರಿಸಬೇಕು.

ಕಾಗದವನ್ನು ಅವರ ಹೆಂಡತಿ ಬಸಕ್ಕ ಸೆರಗಿನಡಿ ಇಟ್ಟುಕೊಂಡು ನನ್ನ ಹತ್ತಿರ ತಂದರು. ಇಂಗ್ಲಿಷಿನಲ್ಲಿತ್ತು. ನಾನು ಬಾಗಿಲಲ್ಲೇ ನಿಂತು ಓದಿ ಹೇಳಿದೆ.

"ಸುಧಾರಸ್ತೈತಿ ಅಂತ ಬರದಾರೇನ್ರಿ ಅಕ್ಕಾರ?"

"ಸುಧಾರಿಸಬಹುದು ಅಂತ."

"ಅಷ್ಟು ಸಾಕ್ರಿ. ಅಷ್ಟು ದೊಡ್ಡ ಡಾಕ್ಟರು ಸುಳ್ಳು ಬರಿತಾರೇನು?" ಬಸಕ್ಕ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು.

ಹಿಂದೆ ನಿಂತಿದ್ದ ಕಾಡಪ್ಪನವರು ಬಲಗೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದರು. ಯಾವಾಗಲೂ ಹಾಗೇ.

ಅವರು ನಮ್ಮ ವಠಾರದವರು. ಲಗ್ಗೆರೆಯಲ್ಲಿ ರಾಗಿ ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ನನ್ನ ಮಾವ ಶೀಟಿನ ಮನೆಗಳನ್ನು ಸಾಲಾಗಿ ಕಟ್ಟಿಸಿದ್ದರು. ಮಾವ ಈಗ ಹೊರಗೆ ಬರುವುದು ಕಡಿಮೆ. ನೀರಿನ ತೊಟ್ಟಿಯ ಪಕ್ಕದ ಕೊನೆಯ ಮನೆ ಕಾಡಪ್ಪನವರದು. ಕೊಪ್ಪಳದ ಕಡೆಯಿಂದ ಬಂದವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫ್ಯಾನಿನ ರೆಕ್ಕೆ ಒತ್ತುವ ಪ್ರೆಸ್ ನಡೆಸುತ್ತಿದ್ದರು. ಒಂದು ಬೆಳಗಿನ ಪಾಳಿಯಲ್ಲಿ ಪ್ರೆಸ್ಸು ಅವರ ಕೈ ಮೇಲೆ ಇಳಿಯಿತು. ಬೆರಳುಗಳು ಹೋಗಲಿಲ್ಲ. ಆಸ್ಪತ್ರೆಯವರು ತಂತಿ ಹಾಕಿ, ಹೊಲಿದು, ಎಲ್ಲವನ್ನೂ ಉಳಿಸಿದರು. ಅದೇ ತೊಂದರೆಯಾಯಿತು. ಹೋಗಿದ್ದರೆ, ಮತ್ತೆ ಬರುತ್ತವೆ ಎಂದು ಯಾರೂ ಬರೆಯುತ್ತಿರಲಿಲ್ಲ. ಈಗ ಬೆರಳುಗಳು ಇದ್ದವು, ಒಳಗೆ ಬಾಗಿ, ಮಡಚಲೂ ಬಾರದೆ ಬಿಚ್ಚಲೂ ಬಾರದೆ. ಬಿಸಿ ತಾಗಿದರೂ ಅವಕ್ಕೆ ಗೊತ್ತಾಗುತ್ತಿರಲಿಲ್ಲ.

ನನ್ನ ಹತ್ತಿರ ಕಾಗದ ತರುವುದು ರೂಢಿಯಾದದ್ದು ರಾಜೇಂದ್ರ ಹೋದ ಮೇಲೆ. ರಾಜೇಂದ್ರ ನನ್ನ ಗಂಡ. ಪಾಳಿ ಮುಗಿಸಿ ಬರುವಾಗ ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿದ. ಆಗ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಬಂದಿರಲಿಲ್ಲ. ಕೆಲಸದಿಂದ ಮನೆಗೆ ಬರುವ ದಾರಿಯೂ ಕೆಲಸಕ್ಕೆ ಸೇರಿದ್ದು ಎಂದು ಒಪ್ಪಿಸಲು ನಾನು ಕಾರ್ಮಿಕರ ವಿಮೆಯ ಕಚೇರಿಗೆ ಅಲೆದೆ. ಎಂ.ಎ. ಓದಿದ್ದು ಅರ್ಥಶಾಸ್ತ್ರ. ಉಪಯೋಗಕ್ಕೆ ಬಂದದ್ದು ಅರ್ಜಿ ಬರೆಯುವುದಕ್ಕೆ. ಆಮೇಲೆ ವಠಾರದಲ್ಲಿ ಯಾರಿಗೆ ಯಾವ ಕಾಗದ ಬಂದರೂ ನನ್ನ ಬಾಗಿಲಿಗೆ ಬಂತು. ನಾನು ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಸ್ವಲ್ಪ ಶಕ್ತಿ ಬೇಕು.

ಮರುದಿನ ಕಾಡಪ್ಪನವರು ಆ ಕಾಗದ ಹಿಡಿದು ಕಾರ್ಖಾನೆಗೆ ಹೋಗಿ ಬಂದರು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ನಾನು ಪಕ್ಕದಲ್ಲಿದ್ದೆ.

"ಏನಂದ್ನಪ್ಪ ನಿಮ್ ಮ್ಯಾನೇಜರು?" ಅತ್ತೆ ಕೇಳಿದರು.

"ಗೇಟಿನ ಕೆಲಸ ಖಾಲಿ ಐತಂತ್ರಿ ಅಮ್ಮಾರ. ಕುಂತು ಗಾಡಿ ಒಳಗ ಹೊರಗ ಬಿಡೂದು. ಆದ್ರ ಅದು ಕೈ ಹೋದವರಿಗಂತ. ನಿನ್ನ ಕೈ ಬರಾಕತ್ತೈತಿ ಅಂತ ಡಾಕ್ಟರ್ ಬರದಾರ, ಬಂದ ಮ್ಯಾಲ ಪ್ರೆಸ್ಸಿಗೇ ಬಾ ಅಂದ್ರು."

"ಅಲ್ಲೀಗಂಟ?"

"ಅಲ್ಲೀಮಟ ಕೈ ಬರೂದನ್ನ ಕಾಯ್ಕೊಂತ ಕುಂದ್ರೂದ್ರಿ, ಬಸ್ಸಿಗೆ ಕಾದಂಗ."

ಅತ್ತೆ ನಕ್ಕುಬಿಟ್ಟರು. ಕಾಡಪ್ಪನವರೂ ನಕ್ಕರು.

ಮ್ಯಾನೇಜರು ಇನ್ನೂ ಒಂದು ಮಾತು ಹೇಳಿದ್ದರು. ಆಯುಧಪೂಜೆಯೊಳಗೆ ಅಂಗವೈಕಲ್ಯ 'ಕಾಯಂ' ಎಂದು ಬರೆಸಿಕೊಂಡು ಬಂದರೆ ಗೇಟು ಕಾಡಪ್ಪನವರಿಗೆ. ಇಲ್ಲದಿದ್ದರೆ ಬೇರೆ ಯಾರಿಗಾದರೂ. ಪ್ರೆಸ್ಸಿಗೆ ಬರಲಾಗದವರ ಹೆಸರನ್ನು ಎಷ್ಟು ದಿನ ಹಾಜರಿಯಲ್ಲಿ ಇಟ್ಟುಕೊಳ್ಳುವುದು ಎಂದೂ ಕೇಳಿದ್ದರಂತೆ.

ಮೇಲ್ಮನವಿಗೆ ಅವಕಾಶವಿತ್ತು. ನಾನು ಕಾಗದವನ್ನು ಮತ್ತೊಮ್ಮೆ ಓದಿದೆ. 'ಹಿಡಿತ ಭಾಗಶಃ ಮರಳುತ್ತಿರುವುದು ಕಂಡುಬಂದಿದೆ' ಎಂಬ ಒಂದು ಸಾಲಿನ ಮೇಲೆ ಇಡೀ ಆದೇಶ ನಿಂತಿತ್ತು.

"ಒಳಗೆ ನಿಮ್ಮ ಕೈಲಿ ಏನೇನು ಮಾಡಿಸಿದರು?" ಎಂದು ಕಾಡಪ್ಪನವರನ್ನು ಕೇಳಿದೆ. ಅವತ್ತು ಬೋರ್ಡಿನ ಕೋಣೆಯೊಳಗೆ ಅವರೊಬ್ಬರೇ ಹೋಗಿದ್ದರು.

"ಒತ್ತಿ ನೋಡಿದ್ರು. ಸೂಜಿ ಚುಚ್ಚಿದ್ರು. ಗೊತ್ತಾಗವಲ್ದು ಅಂದೆ. ಮುಷ್ಟಿ ಕಟ್ಟು ಅಂದ್ರು. ಕಟ್ಟಾಕ ಬರ್ಲಿಲ್ಲ."

"ಮತ್ತೆ ಹಿಡಿತ ಬರ್ತಿದೆ ಅಂತ ಯಾಕೆ ಬರೆದರು?"

"ಅವರಿಗೇ ಗೊತ್ತ್ರಿ."

ಬಸಕ್ಕ ಮಧ್ಯೆ ಬಂದರು. "ಅವರಿಗೆ ಕಂಡಿರತೈತ್ರಿ ಅಕ್ಕಾರ. ದಿನಾ ಎಣ್ಣಿ ಕಾಸಿ ತಿಕ್ಕೇನಿ. ಸುಮ್ಮನ ಹೋಕ್ಕೈತೇನು?"

ದಿನವೂ ಸಂಜೆ ಬಸಕ್ಕ ಹಿತ್ತಾಳೆ ಬಟ್ಟಲಲ್ಲಿ ಹರಳೆಣ್ಣೆ ಕಾಸಿ ತಂದು, ಬಾಗಿಲಲ್ಲಿ ಕೂತು, ಗಂಡನ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದರು. ಊರಿನಲ್ಲಿ ಮೂಳೆ ಕಟ್ಟುವವರು ಹೇಳಿಕೊಟ್ಟ ಎಣ್ಣೆ. ಕಾಡಪ್ಪನವರು ಬೇರೆಲ್ಲೋ ನೋಡುತ್ತ ಕೈ ಕೊಟ್ಟು ಕೂತಿರುತ್ತಿದ್ದರು. ನನ್ನ ಕಿಟಕಿಯಿಂದ ಅದು ಕಾಣುತ್ತಿತ್ತು.

ಕಾಡಪ್ಪನವರಿಗೆ ಗೇಟು ಬೇಕಿತ್ತು. ಜೊತೆಗೆ ಇನ್ನೊಂದೂ ಬೇಕಿತ್ತು. ಬಸಕ್ಕ ನೀರಿಗೆ ಹೋದಾಗ ಅದನ್ನು ಹೇಳಿದರು. "ಮತ್ತೊಮ್ಮೆ ಆ ಖೋಲ್ಯಾಗ ಹೋಗಿ ಕೈ ತೋರ್ಸೂದು ಬ್ಯಾಡ್ರಿ ಅಕ್ಕಾರ. ವರ್ಷಾ ವರ್ಷಾ ಸಂತ್ಯಾಗ ಎತ್ತಿನ ಹಲ್ಲು ತೋರ್ಸಿದಂಗ ಆಕ್ಕೈತಿ."

ಅದು ನನಗೆ ಅರ್ಥವಾಯಿತು. ರಾಜೇಂದ್ರ ಹೋದದ್ದಕ್ಕೆ ನನಗೆ ಬರುವ ಪಿಂಚಣಿಗೂ ಒಂದು ಅವಧಿಯಿದೆ. ಮರುಮದುವೆಯಾಗುವವರೆಗೆ. ಆಗಿಲ್ಲ ಎಂದು ಆಗಾಗ ಬರೆದು, ಒಬ್ಬ ಅಧಿಕಾರಿಯ ಸಹಿ ಹಾಕಿಸಿ ಕೊಡಬೇಕು. ಸಹಿ ಹಾಕುವವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕತ್ತು.

ಮೇಲ್ಮನವಿ ಬರೆಯಲು ಕುಳಿತರೆ ಏನು ಬರೆಯುವುದೆಂದು ತಿಳಿಯಲಿಲ್ಲ. ಡಾಕ್ಟರು ಹಿಡಿತ ಕಂಡೆ ಎನ್ನುತ್ತಾರೆ. ನಾವು ಕಂಡಿಲ್ಲ ಎನ್ನುತ್ತೇವೆ. ಅಷ್ಟರಿಂದ ಏನೂ ಆಗುವುದಿಲ್ಲ. ಕಾಗದ ಮೇಜಿನ ಮೇಲೆ ಕೆಲವು ದಿನ ಹಾಗೇ ಬಿದ್ದಿತ್ತು.

ಶನಿವಾರ ಅತ್ತೆ ಆಂಜನೇಯನ ಗುಡಿಯಿಂದ ಬಂದರು. ಶನಿವಾರಗಳಲ್ಲಿ ವಠಾರದ ಎಲ್ಲ ಮನೆಗೂ ಪ್ರಸಾದ ಕೊಡುವುದು ಅವರ ಪದ್ಧತಿ. ಅರಿಶಿನ ಕುಂಕುಮದ ಬಟ್ಟಲು ಅವರೇ ಹಿಡಿದುಕೊಳ್ಳುತ್ತಾರೆ, ಬಾಳೆಹಣ್ಣಿನ ತಟ್ಟೆ ನನ್ನ ಕೈಗೆ ಕೊಡುತ್ತಾರೆ. ಯಾರೂ ಹೇಳದೆ ಹಾಗೆ ಆಗಿದೆ. ಕಾಡಪ್ಪನವರು ಹೊಸ್ತಿಲ ಮೇಲೆ ಕೂತಿದ್ದವರು ಎದ್ದು ನಿಂತರು. ಟವೆಲ್ಲನ್ನು ಹೆಗಲಿಗೆ ಎಸೆದು ಬಲಗೈ ಮುಂದೆ ಚಾಚಿದರು. ಎಡಗೈಯನ್ನು ಅದರ ಕೆಳಗೆ ತಂದರು. ಅತ್ತೆ ತಟ್ಟೆಯಿಂದ ಒಂದು ಹಣ್ಣು ತೆಗೆದು ಕೊಟ್ಟರು.

ನಾನು ತಟ್ಟೆ ಹಿಡಿದು ಹತ್ತಿರವೇ ನಿಂತಿದ್ದೆ. ಹಣ್ಣು ಬಿದ್ದದ್ದು ಬಲಗೈ ಮೇಲೆ. ಅದನ್ನು ಹಿಡಿದದ್ದು ಕೆಳಗಿನಿಂದ ಬಂದ ಎಡಗೈಯ ಬೆರಳುಗಳು. ಎದುರಿಗೆ ನಿಂತವರಿಗೆ ಅವು ಕಾಣುತ್ತಿರಲಿಲ್ಲ. ಬಲಗೈ ಇಸಕೊಂಡಂತೆಯೇ ಇತ್ತು.

"ಕಾಡಪ್ಪನವರೇ," ಎಂದೆ, "ಅವತ್ತು ಬೋರ್ಡಿನವರು ನಿಮ್ಮ ಕೈಗೆ ಏನಾದರೂ ಕೊಟ್ಟರಾ?"

"ಹೊರಗ ಬರೂಮುಂದ ಎಕ್ಸರೇ ಕವರ್ ವಾಪಸ್ ಕೊಟ್ಟರ್ರಿ."

"ಹೇಗೆ ಇಸಕೊಂಡಿರಿ?"

ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಹ್ಯಾಂಗಂದ್ರ? ಹಿಂಗ." ಕೈ ಹಾಗೇ ಚಾಚಿತ್ತು, ಹಣ್ಣಿನ ಜೊತೆ.

"ಬಲಗೈಯಲ್ಲಿ."

"ಇನ್ನೆಂಗೆ ಇಸ್ಕತಾರೆ?" ಅತ್ತೆ ನನ್ನ ಮೇಲೆ ರೇಗಿದರು. "ದೊಡ್ಡೋರು ಕೊಟ್ಟಿದ್ದನ್ನ ಎಡಗೈಲಿ ಇಸ್ಕಳಕ್ಕೆ ಅದೇನ್ ಚೊಂಬಾ?"

ಆವತ್ತೇ ಮೇಲ್ಮನವಿ ಬರೆದೆ. ಉದ್ದ ಬರೆಯಲಿಲ್ಲ. ಈ ಮನುಷ್ಯ ಎಡಗೈಯಿಂದ ಹಿಡಿದುಕೊಳ್ಳುತ್ತಾನೆ, ಮರ್ಯಾದೆಗಾಗಿ ಬಲಗೈಯನ್ನು ಮುಂದೆ ಇಡುತ್ತಾನೆ, ಬೋರ್ಡು ಕಂಡದ್ದು ಹಿಡಿತವಲ್ಲ, ಮರ್ಯಾದೆ ಎಂದು ಬರೆದೆ. ಕೊನೆಯ ಮಾತನ್ನು ಹೊಡೆದು ಹಾಕಿದೆ. ಅರ್ಜಿಯಲ್ಲಿ ಅಂಥ ಮಾತು ಓದಿದರೆ ಅವರಿಗೆ ಸಿಟ್ಟು ಬರುತ್ತದೆ.

ವಿಚಾರಣೆಯ ದಿನ ಗೊತ್ತಾಯಿತು. ಅತ್ತೆಗೆ ಉತ್ಸಾಹ ಬಂತು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಎಕ್ಸರೇ ಕವರಿನ ಬದಲು ಹಳೆಯ ಕ್ಯಾಲೆಂಡರ್ ಸುತ್ತಿ ಕೈಯಲ್ಲಿ ಹಿಡಿದು ಕುಳಿತರು.

"ಈಗ ನಾನ್ಯಾರು? ಜಡ್ಜು. ತಗಳಪ್ಪ ಕಾಡಪ್ಪ."

ಬಲಗೈ ಮುಂದೆ ಬಂತು.

"ಎಡಗೈ, ಎಡಗೈ!"

"ನೀವು ಹಿರ್ಯಾರು ಅದೀರ್ರಿ ಅಮ್ಮಾರ."

"ನಾನು ಹಿರೇಳಲ್ಲ ಕಣಪ್ಪ, ಜಡ್ಜು."

"ಜಡ್ಜು ಇನ್ನೂ ಹಿರ್ಯಾರಲ್ರಿ!"

ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದವರೆಲ್ಲ ನಕ್ಕರು. ಮತ್ತೆ ಮಾಡಿಸಿದರು. ಮತ್ತೆ ಬಲಗೈಯೇ ಬಂತು. ಒಮ್ಮೆ ಎಡಗೈ ಅರ್ಧ ದಾರಿ ಬಂದು, ಬೆಂಕಿ ತಾಗಿದಂತೆ ಹಿಂದೆ ಹೋಯಿತು.

ಬಸಕ್ಕ ಬಟ್ಟೆ ಹಿಂಡುತ್ತ ಅಲ್ಲಿಂದಲೇ ಅಂದರು, "ಉಣ್ಣಾಕ ಬರ್ತೈತಿ ಎಡಗೈ. ಇಸ್ಕೊಳ್ಳಾಕ ಏನ್ ಧಾಡಿ?"

ಕಾಡಪ್ಪನವರ ಮುಖದ ನಗು ನಿಂತಿತು. ಟವೆಲ್ ತೆಗೆದು ಕೈ ಸುತ್ತಿಕೊಂಡು ಒಳಗೆ ಹೋದರು. ಅತ್ತೆ ಕ್ಯಾಲೆಂಡರನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಬಸಕ್ಕ ಆಮೇಲೆ ನನ್ನ ಹತ್ತಿರ ಬಂದು ಕೂತರು. "ತಪ್ಪಾತ್ರಿ ಅಕ್ಕಾರ, ನಾಕು ಮಂದ್ಯಾಗ ಅನಬಾರದಿತ್ತು. ಕೈ ಹೋದಾಗಿಂದ ಗ್ವಾಡಿ ಕಡೆ ಮಾರಿ ಮಾಡಿ ಉಣ್ತಾರ್ರಿ. ನನಗೂ ತೋರ್ಸೂದಿಲ್ಲ. ನಾ ನೀಡಿ ಹೊರಗ ಬರಬೇಕು."

ಅವರು ಹೋಗಲು ಎದ್ದು, ಬಾಗಿಲಲ್ಲಿ ನಿಂತರು.

"ನಾ ಬರೂದಿಲ್ರಿ ಅಲ್ಲಿಗೆ. ಕೈ ಬರೂದಿಲ್ಲ ಅಂತ ಹೇಳಾಕ ಹೊಂಟೀರಿ. ನನಗ ಮನಸಿಲ್ಲ." ಹೊಸ್ತಿಲು ದಾಟುತ್ತ ಮತ್ತೆ ಅಂದರು. "ಪೂರಾ ಬರೂದಿಲ್ಲ ಅಂತ ಬರಸಬ್ಯಾಡ್ರಿ ಅಕ್ಕಾರ. ಗೇಟ್ ಸಿಗೂವಷ್ಟು ಬರಸ್ರಿ ಸಾಕು."

ವಿಚಾರಣೆಗೆ ನಾವಿಬ್ಬರೇ ಬಸ್ಸಿನಲ್ಲಿ ಹೋದೆವು. ಕಾಡಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ತೋಳಿನ ಗುಂಡಿಯನ್ನು ಬಸಕ್ಕ ಹಾಕಿ ಕಳಿಸಿದ್ದರು. ದಾರಿಯುದ್ದಕ್ಕೂ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದು ಬೇರೆಯವರದೇನೋ ಎನ್ನುವಂತೆ ನೋಡುತ್ತಿದ್ದರು.

ಕೋಣೆಯಲ್ಲಿ ಮೂವರಿದ್ದರು. ನಡುವೆ ವಯಸ್ಸಾದ ಜಡ್ಜು, ಎಡಕ್ಕೆ ಒಬ್ಬ ಡಾಕ್ಟರು, ಬಲಕ್ಕೆ ಒಬ್ಬ ಲೇಡಿ ಡಾಕ್ಟರು.

"ನೀವು ಇವರಿಗೆ ಏನಾಗಬೇಕಮ್ಮ?" ಜಡ್ಜು ನನ್ನನ್ನು ಕೇಳಿದರು.

"ಮನೆ ಮಾಲೀಕರ ಸೊಸೆ, ಸಾರ್. ಅರ್ಜಿ ಬರೆದವಳು."

ಅವರು ಅರ್ಜಿ ನೋಡಿದರು, ನನ್ನನ್ನು ನೋಡಿದರು. ಕೂರಲು ಹೇಳಿದರು.

ಡಾಕ್ಟರು ಕೈ ಒತ್ತಿದರು, ಬೆರಳು ಬಗ್ಗಿಸಿದರು, ಸೂಜಿ ಚುಚ್ಚಿದರು. ಇಂಗ್ಲಿಷಿನಲ್ಲಿ ಏನೋ ಹೇಳಿ ಬರೆಸಿದರು. ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, ಕವರಿಗೆ ಹಾಕಿ, ಕಾಡಪ್ಪನವರ ಕಡೆ ಚಾಚಿದರು.

ಬಲಗೈ ಮುಂದೆ ಬಂತು. ಎಡಗೈ ಕೆಳಗೆ ಹೋಯಿತು. ಕವರು ನೆಟ್ಟಗೆ ನಿಂತಿತು.

"ನೋಡಿ ಸಾರ್," ಡಾಕ್ಟರು ಜಡ್ಜಿಗೆ ಹೇಳಿದರು, "ಬೋರ್ಡಿನವರು ಹೇಳಿದ್ದು ಇದನ್ನೇ. ಚೆನ್ನಾಗೇ ಹಿಡೀತಾರೆ."

"ಕೆಳಗೆ ಎಡಗೈ ಇದೆ ಸಾರ್, ಈ ಕಡೆಯಿಂದ ನೋಡಿ," ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿತು.

ಲೇಡಿ ಡಾಕ್ಟರು ಎದ್ದು ಮೇಜು ಸುತ್ತಿ ಬಂದು, ಬಗ್ಗಿ ನೋಡಿದರು. "ಎಡಗೈ ತೆಗೀರಿ," ಅಂದರು.

ಕಾಡಪ್ಪನವರು ತೆಗೆದರು. ಕವರು ಬಿತ್ತು. ಅವರು ಗಾಬರಿಯಾಗಿ ಬಗ್ಗಿ ಎಡಗೈಯಿಂದಲೇ ಬೇಗ ಎತ್ತಿಕೊಂಡರು. ನೆಲದಿಂದ ಎತ್ತಿಕೊಳ್ಳಲು ಯಾವ ಕೈಯಾದರೂ ಆಗುತ್ತದೆ.

"ಅಲ್ಲಪ್ಪ," ಜಡ್ಜು ಕೇಳಿದರು, "ಹೀಗೇ ಎಡಗೈಯಲ್ಲೇ ತಗೋಬಹುದಿತ್ತಲ್ಲ? ಬೋರ್ಡಿನ ಮುಂದೆ ಯಾಕೆ ಹಾಗೆ ಮಾಡಿದಿರಿ?"

"ಅವರು ದೊಡ್ಡವರಲ್ರಿ ಸಾಹೇಬ್ರ. ಹ್ಯಾಂಗ ಎಡಗೈ ಚಾಚೂದು?"

"ಇಷ್ಟು ವರ್ಷದ ಅಭ್ಯಾಸ," ಎಂದು ಜಡ್ಜು ಡಾಕ್ಟರಿಗೆ ಹೇಳಿದರು. ಡಾಕ್ಟರು ಒಪ್ಪಿದಂತೆ ಕಾಣಲಿಲ್ಲ. ಬಲಗೈಯಿಂದ ಬೇರೆ ಕೆಲಸ ಮಾಡುತ್ತಿರಬಹುದಲ್ಲ, ಯಾವ ಕೆಲಸಕ್ಕೂ ಬರುವುದಿಲ್ಲ ಎಂದು ಹೇಗೆ ಹೇಳುವುದು ಎಂದರು.

ಲೇಡಿ ಡಾಕ್ಟರು ಮೆಲ್ಲಗೆ ಕೇಳಿದರು. "ಊಟ?"

ಕಾಡಪ್ಪನವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಒದರುತ್ತಿತ್ತು.

"ಎಡಗೈಲೇರಿ," ಎಂದರು. ಆಮೇಲೆ, ಯಾರೂ ಕೇಳದಿದ್ದರೂ, "ಗ್ವಾಡಿ ಕಡೆ ಮಾರಿ ಮಾಡಿ ಉಣ್ತೇನ್ರಿ. ಬಲಗೈ ಬರೂಹಂಗಿದ್ರ ಹಾಂಗ್ಯಾಕ ಉಣ್ಣಲ್ರಿ ಮೇಡಂ?"

ಡಾಕ್ಟರು ಮತ್ತೇನೂ ಕೇಳಲಿಲ್ಲ. ಜಡ್ಜು ಕನ್ನಡಕ ತೆಗೆದು ಒರೆಸಿಕೊಂಡು, ಹೋಗಬಹುದು ಎಂದರು.

ಬಸ್ ನಿಲ್ದಾಣದಲ್ಲಿ ಕಾಡಪ್ಪನವರು ಎರಡು ಟೀ ತಂದುಕೊಡಲು ಅಂಗಡಿಯವನಿಗೆ ಹೇಳಿದರು. ನಾನು ಹಣ ಕೊಡಲು ಹೋದರೆ ಬೇಡ ಅಂದರು. "ಹೇಳಿಬಿಟ್ಟೆ ನೋಡ್ರಿ," ಅಂದರು ಟೀ ಕುಡಿಯುತ್ತ. ಹೌದು ಅಂದೆ.

ಆದೇಶ ಅಂಚೆಯಲ್ಲಿ ಬಂದಾಗ ಆಯುಧಪೂಜೆ ಇನ್ನೂ ಮುಂದಿತ್ತು. ವಠಾರದವರು ಸುತ್ತ ನಿಂತರು. ನಾನು ಕನ್ನಡದಲ್ಲಿ ಹೇಳಿದೆ. ಅಂಗವೈಕಲ್ಯ ಕಾಯಂ. ಪಿಂಚಣಿ ಜೀವನಪೂರ್ತಿ. ಮತ್ತೆ ಪರೀಕ್ಷೆಗೆ ಹೋಗಬೇಕಾಗಿಲ್ಲ. ಕೈ ಸುಧಾರಿಸುವ ಸಂಭವವಿಲ್ಲ.

"ಗೆದ್ದಂಗಾಯ್ತಲ್ಲಪ್ಪ!" ಅತ್ತೆ ಅಂದರು. "ಆಂಜನೇಯ ಕಣ್ ಬಿಟ್ಟ."

ಕಾಡಪ್ಪನವರು ನನಗೆ ಕೈ ಮುಗಿದರು. ಎರಡು ಅಂಗೈ ಕೂಡಲಿಲ್ಲ, ಒಂದು ಬಾಗಿಯೇ ಇತ್ತು.

ಬಸಕ್ಕ ಮಾತ್ರ ಅಲ್ಲೇ ಕುಸಿದು ಕೂತರು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಏನಾತ ಬಸಕ್ಕ, ಒಳ್ಳೇದಾತಲ್ಲ," ಎಂದು ಪಕ್ಕದ ಮನೆಯವರು ಸಮಾಧಾನ ಮಾಡಿದರು.

"ಏನ್ ಒಳ್ಳೇದ ಬಿಡವಾ. ಬರ್ತೈತಿ ಅಂತ ಬರದಿದ್ರು. ನಾವ ಬಡದಾಡಿ ಬರೂದಿಲ್ಲ ಅಂತ ಬರಸ್ಕೊಂಡ ಬಂದಂಗಾತು."

ನಾನು ಆದೇಶವನ್ನು ಮಡಿಚಿ ಕಾಡಪ್ಪನವರಿಗೆ ಕೊಟ್ಟೆ. ಗೇಟು ಸಿಗುವಷ್ಟೇ ಬರೆಸಲು ಆಗುವುದಿಲ್ಲ ಎಂದು ನಾನು ಬಸಕ್ಕನಿಗೆ ಆವತ್ತೇ ಹೇಳಬಹುದಿತ್ತು. ಹೇಳಿದ್ದರೂ ಇದೇ ಆಗುತ್ತಿತ್ತು.

ಆ ಸಂಜೆ ಎಣ್ಣೆಯ ಬಟ್ಟಲು ಹೊರಗೆ ಬರಲಿಲ್ಲ. ಮರುಸಂಜೆಯೂ ಬರಲಿಲ್ಲ. ಪೂಜೆ ಕಳೆದ ಮೇಲೆ ಒಂದು ದಿನ ಕಿಟಕಿಯಿಂದ ನೋಡಿದರೆ ಬಸಕ್ಕ ಮತ್ತೆ ಬಾಗಿಲಲ್ಲಿ ಕೂತು ಬೆರಳು ನೀವುತ್ತಿದ್ದರು. ನಾನು ನೋಡುತ್ತಿರುವುದು ಅವರಿಗೆ ಕಂಡಿತು.

"ಬರ್ಲಿ ಅಂತಲ್ರಿ ಅಕ್ಕಾರ," ಅಂದರು. "ತಂಪಿಗೆ."

ಕಾಡಪ್ಪನವರು ಗೇಟಿಗೆ ಸೇರಿದರು. ನೀಲಿ ಅಂಗಿ, ಒಂದು ಪೀಪಿ. "ಸಾಹೇಬರ ಕಾರು ಬಂದಾಗ ಯಾವ ಕೈಲಿ ಸಲಾಮ್ ಹೊಡಿತೀಯಪ್ಪ?" ಎಂದು ಅತ್ತೆ ಕಾಲೆಳೆದರು. "ಎದ್ದು ನಿಂತ್ರ ಸಾಕಂದಾರ್ರಿ," ಅಂದರು ಅವರು.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಬಸ್ಸಾರು ಕೊಟ್ಟು ಕಳಿಸಿದರು. ಬಾಗಿಲು ತೆರೆದಿತ್ತು. ಬಸಕ್ಕ ರೊಟ್ಟಿ ಬಡಿಯುತ್ತಿದ್ದರು. ಕಾಡಪ್ಪನವರು ಬಾಗಿಲ ಕಡೆ ಮುಖ ಮಾಡಿ ಕೂತು ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದರು. ನನ್ನನ್ನು ಕಂಡು ಕೈ ತಡೆಯಿತು. ತಿರುಗಿಕೊಳ್ಳುತ್ತಾರೆ ಎಂದುಕೊಂಡೆ.

"ಬರ್ರಿ ಅಕ್ಕಾರ, ಊಟ ಮಾಡ್ರಿ," ಅಂದರು. ಮತ್ತೆ ಮುರಿದರು.

ಶನಿವಾರದ ಪ್ರಸಾದಕ್ಕೆ ಮಾತ್ರ ಅವರು ಬದಲಾಗಲಿಲ್ಲ. ಅತ್ತೆಯೇ ಒಮ್ಮೆ ಹೇಳಿ ನೋಡಿದರು, "ಇನ್ ಯಾವ ಕೈಯಾದ್ರೇನು ಇಸ್ಕಳಪ್ಪ, ಯಾಕಂಗೆ ಕಷ್ಟಪಡ್ತೀಯಾ." ಕಾಡಪ್ಪನವರು ನಕ್ಕು ಕೈ ಚಾಚಿದರು. ಬಲಗೈ ಮುಂದೆ, ಎಡಗೈ ಅದರ ಕೆಳಗೆ. ನಾನು ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹಣ್ಣು ಬೀಳಲಿಲ್ಲ. ಈಗ ಅದನ್ನು ನೋಡಿ ಯಾರೂ ಏನೂ ಬರೆದುಕೊಳ್ಳುವುದಿಲ್ಲ.